ಊರ ಪುಸ್ತಕದ ಮೊದಲ ಪುಟ

ಎಲ್ವಿನ್ ಟ್ವಿಚೆಲ್ ಹಾಬ್ಸ್‌ಮಿಲ್ ಊರಿನ ಪರವಾಗಿ ರಾಜ್ಯದ ಶಾಸನಸಭೆಗೆ ಆರಿಸಿಹೋಗಿ ಮೂವತ್ತೆಂಟು ವರ್ಷವಾಗಿತ್ತು. ಅಷ್ಟರಲ್ಲಿ ಎಂಟು ಮಂದಿ ಗವರ್ನರುಗಳು ಬಂದುಹೋದರು, ಸಭಾಂಗಣದ ಕುರ್ಚಿಗಳಿಗೆ ಮೂರು ಸಲ ಬಟ್ಟೆ ಬದಲಾಯಿತು. ಎಲ್ವಿನ್ ಮಾತ್ರ ಕೊನೆಯ ಸಾಲಿನ ಕಂಬದ ಮರೆಯಲ್ಲಿ ಕೂತವನು ಕೂತಲ್ಲೇ ಇದ್ದ. ಚುನಾವಣೆಯಲ್ಲಿ ಅವನಿಗೆ ಎದುರಾಳಿಯೇ ಇರುತ್ತಿರಲಿಲ್ಲ. ಅವನ ಜನಪ್ರಿಯತೆ ಅಂಥದ್ದು ಎಂದು ಅವನು ತಿಳಿದಿದ್ದ. ಹಿಮ ಬೀಳುವ ಕಾಲದಲ್ಲಿ ನಲವತ್ತು ಮೈಲಿ ಕಾರು ಓಡಿಸಿಕೊಂಡು ರಾಜಧಾನಿಗೆ ಹೋಗುವ ಹುಚ್ಚು ಬೇರೆ ಯಾರಿಗೂ ಇಲ್ಲ ಎಂದು ಊರು ತಿಳಿದಿತ್ತು.

ಸಭೆಯ ಕಡತಗಳನ್ನು ಹುಡುಕಿದರೆ ಅವನ ಭಾಷಣಗಳು ಎರಡು ಸಿಗುತ್ತವೆ. ಮೊದಲನೆಯದು, ಕಿಟಕಿ ಮುಚ್ಚಿ ಎಂದು ಕೇಳಿದ್ದು. ಎರಡನೆಯದು, ಮುಚ್ಚಿದವರಿಗೆ ಕೃತಜ್ಞತೆ ಹೇಳಿದ್ದು. ಉಳಿದಂತೆ ಸಭಾಧ್ಯಕ್ಷರು "ಒಪ್ಪುವವರು ಹೂಂ ಅನ್ನಿ" ಎಂದಾಗಲೆಲ್ಲ ಅವನು ಗಟ್ಟಿಯಾಗಿ ಹೂಂ ಅನ್ನುತ್ತಿದ್ದ. ಪ್ರತಿ ಶುಕ್ರವಾರ ಸಣ್ಣಪುಟ್ಟ ಮಸೂದೆಗಳನ್ನೆಲ್ಲ ಒಂದೇ 'ಒಪ್ಪಿಗೆ ಪಟ್ಟಿ'ಯಲ್ಲಿ ಕಟ್ಟಿ ಒಂದೇ ಉಸಿರಿಗೆ ಪಾಸು ಮಾಡುವುದು ಅಲ್ಲಿನ ಪದ್ಧತಿ. ಆ ಪಟ್ಟಿಯನ್ನು ಎಲ್ವಿನ್ ಒಂದು ಸಲವೂ ಓದಿದವನಲ್ಲ. ಓದಿ ಹೂಂ ಅಂದರೂ ಹೂಂ, ಓದದೆ ಅಂದರೂ ಹೂಂ, ಕಣ್ಣಿಗೇಕೆ ಶ್ರಮ ಎಂಬುದು ಅವನ ರಾಜಕೀಯ ಸಿದ್ಧಾಂತ.

ಅವನು ತಾನಾಗಿ ತಂದ ಮಸೂದೆ ಒಂದೇ. ಅದನ್ನೇ ಹತ್ತೊಂಬತ್ತು ಸಲ ತಂದಿದ್ದ. ಹಾಬ್ಸ್‌ಮಿಲ್ ಹೊಳೆಯ ಮೇಲಿನ ಕಬ್ಬಿಣದ ಸೇತುವೆಯನ್ನು ದುರಸ್ತಿ ಮಾಡಿಸಿ ಎಂಬ ಮಸೂದೆ. ಅದು ಹೋಗುತ್ತಿದ್ದುದು ಸೇತುವೆ ಸಮಿತಿಗೆ. ಸಮಿತಿಯ ಅಧ್ಯಕ್ಷ ಪ್ರೆಸ್ಕಾಟ್ ವೇಲ್ ತಂದವನ ಮುಖವನ್ನೂ ನೋಡದೆ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು, "ನೋಡೋಣ" ಎಂದು ಬೆನ್ನ ಹಿಂದಿನ ಅಟ್ಟದ ಮೇಲಿಡುತ್ತಿದ್ದ. ಆಮೇಲೆ ಅದನ್ನು ಜೇಡಗಳು ನೋಡಿಕೊಳ್ಳುತ್ತಿದ್ದವು.

ಸೇತುವೆಯ ಸುದ್ದಿ ತಮಾಷೆಯದಲ್ಲ. ಭಾರದ ಗಾಡಿ ಹೋಗಬಾರದೆಂದು ಅದಕ್ಕೆ ಸರಪಳಿ ಕಟ್ಟಿ ಹನ್ನೊಂದು ವರ್ಷವಾಗಿತ್ತು. ಶಾಲೆಯ ಬಸ್ಸು ಹದಿನಾಲ್ಕು ಮೈಲಿ ಸುತ್ತಿ ಬರುತ್ತಿತ್ತು. ಎರಡು ವರ್ಷದ ಹಿಂದೆ ಎಲ್ವಿನ್‌ನ ಹೆಂಡತಿ ಆರ್ಡಿಸ್‌ಗೆ ಎದೆನೋವು ಬಂದಾಗ ಆಂಬುಲೆನ್ಸ್ ಆಚೆ ದಡದಲ್ಲಿ ದೀಪ ತಿರುಗಿಸುತ್ತ ನಿಂತಿತ್ತು. ಪಕ್ಕದ ಮನೆಯ ಡ್ವೈಟ್ ಕಿಂಬಲ್ ಅವಳನ್ನು ಕಟ್ಟಿಗೆ ಎಳೆಯುವ ಜಾರುಗಾಡಿಯಲ್ಲಿ ಮಲಗಿಸಿ ಸೇತುವೆ ದಾಟಿಸಿದ. ಆರ್ಡಿಸ್ ಬದುಕಿದಳು. ಆದರೆ ಕಬ್ಬಿಣದ ಮೇಲೆ ಆ ಗಾಡಿ ಕಿರ್ರೆಂದ ಸದ್ದು ಎಲ್ವಿನ್‌ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಮೂವತ್ತೆಂಟು ವರ್ಷ ಶಾಸಕನಾಗಿ ಹೆಂಡತಿಗೊಂದು ಸೇತುವೆ ಕೊಡಲಾಗಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಗುತ್ತಿತ್ತು.

ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದು ಸಣ್ಣ ಚಪಲವೂ ಇತ್ತು. ಹಾಬ್ಸ್‌ಮಿಲ್‌ನಲ್ಲಿ ಮಾರ್ಚಿ ತಿಂಗಳ ಊರಸಭೆಗೆ ಮುಂಚೆ ವರ್ಷದ ವರದಿಯ ಪುಸ್ತಕ ಅಚ್ಚಾಗುತ್ತದೆ. ಎಷ್ಟು ನಾಯಿಗಳಿಗೆ ಲೈಸೆನ್ಸ್ ಆಯಿತು, ಯಾವ ಮೋರಿ ಕಟ್ಟಿಕೊಂಡಿತು, ಎಲ್ಲ ಅದರಲ್ಲಿರುತ್ತದೆ. ಮೊದಲ ಪುಟದಲ್ಲಿ ಮಾತ್ರ ಊರಿನ ಒಬ್ಬರ ಫೋಟೋ ಹಾಕಿ ಪುಸ್ತಕವನ್ನು ಅವರಿಗೆ ಅರ್ಪಿಸುತ್ತಾರೆ. ಆ ಪುಟದ ಮೇಲೆ ಎಲ್ವಿನ್‌ಗೆ ಇಪ್ಪತ್ತು ವರ್ಷದಿಂದ ಕಣ್ಣು. ಆದರೆ ಪುಟ ಸಿಗುತ್ತಿದ್ದುದು ಆ ವರ್ಷ ತೀರಿಕೊಂಡವರಿಗೆ. ಹೋದ ವರ್ಷ ಎಲ್ಲ ಮುಗಿಯಿತು, ಪುಟ ತನಗೇ ಎಂದುಕೊಂಡಿದ್ದಾಗ ಡಿಸೆಂಬರ್ ಮೂವತ್ತರಂದು ತೊಂಬತ್ತೊಂದರ ಮುದುಕಿಯೊಬ್ಬಳು ಕಣ್ಣುಮುಚ್ಚಿ ಅದನ್ನು ಕಸಿದುಕೊಂಡಳು.

ಈ ವರ್ಷ ಮಾತ್ರ ಹಾಬ್ಸ್‌ಮಿಲ್‌ನಲ್ಲಿ ಯಾರೂ ಸಾಯಲಿಲ್ಲ. ಜನವರಿ ಒಂದನೇ ತಾರೀಕು ಎಲ್ವಿನ್ ಊರ ಕಚೇರಿಗೆ ಹೋಗಿ ಗುಮಾಸ್ತೆ ವರ್ನಾ ಗೋಸ್ಲಿನ್‌ಳ ಮೇಜಿನ ಮುಂದೆ ನಿಂತ.

"ವರ್ನಾ, ಈ ಸಲ ಮೊದಲ ಪುಟ ಯಾರಿಗೆ?"

"ಯಾರೂ ಸತ್ತಿಲ್ವಲ್ಲ ಎಲ್ವಿನ್. ಹಿಮ ಎತ್ತೋ ಹೊಸ ಟ್ರಕ್ಕಿನ ಫೋಟೋ ಹಾಕೋಣ ಅಂತಿದೀವಿ."

"ಟ್ರಕ್ಕಿಗಾ? ಅದು ಬಂದು ಮೂರು ತಿಂಗಳಾಗಿಲ್ಲ. ನಾನು ಮೂವತ್ತೆಂಟು ವರ್ಷ ದುಡಿದಿದೀನಿ!"

"ಟ್ರಕ್ಕು ಹಿಮ ಎತ್ತಿದೆ," ಎಂದಳು ವರ್ನಾ. ಆಮೇಲೆ ಅವನ ಮುಖ ನೋಡಿ ಅಯ್ಯೋ ಅನಿಸಿತು. "ಆಯ್ತು ಬಿಡು ಮಾರಾಯ, ನಿನಗೇ ಹಾಕ್ತೀನಿ. ಒಂದು ಫೋಟೋ ಕೊಡು."

ಎಲ್ವಿನ್‌ನ ಜೇಬಿನಲ್ಲಿ ಫೋಟೋ ತಯಾರಿತ್ತು. ಎಪ್ಪತ್ತನಾಲ್ಕರ ಈಗಿನ ಮುಖದ್ದಲ್ಲ, ಮೊದಲ ಚುನಾವಣೆಗೆ ತೆಗೆಸಿದ್ದು. ತಲೆ ತುಂಬ ಕಪ್ಪು ಕೂದಲು, ಅಗಲ ಕಾಲರು, ದೂರದ ದೇಶಸೇವೆಯ ಕಡೆ ನೆಟ್ಟ ಕಣ್ಣು.

ಪುಸ್ತಕ ಅಚ್ಚಾಯಿತು. ಅಚ್ಚಿನ ಮನೆಯವನು ಅರವತ್ತು ವರ್ಷದಿಂದ ಆ ಪುಟಕ್ಕೆ ಒಂದೇ ಚೌಕಟ್ಟು ಇಟ್ಟುಕೊಂಡಿದ್ದ. ಸುತ್ತ ದಪ್ಪ ಕಪ್ಪು ಗೆರೆ, ಕೆಳಗೆ ತಲೆ ಬಾಗಿಸಿದ ಒಂದು ಮರ. ಫೋಟೋದಡಿ ವರ್ನಾ ಬರೆದುಕೊಟ್ಟ ಸೇವೆಯ ವರ್ಷಗಳು: 'ಎಲ್ವಿನ್ ಟ್ವಿಚೆಲ್, ೧೯೮೫–೨೦೨೩. ಊರು ಎಂದೂ ಮರೆಯದು.' ಊರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಆಸಾಮಿ ದಿನಾ ಬೆಳಿಗ್ಗೆ ಅಂಗಡಿಯಲ್ಲಿ ನಿಂತು ಆ ಪುಟವನ್ನು ಎಲ್ಲರಿಗೂ ತೋರಿಸುತ್ತಿದ್ದನಲ್ಲ! ಆದರೆ ನಿಯಮದ ಪ್ರಕಾರ ಪುಸ್ತಕದ ಒಂದು ಪ್ರತಿ ರಾಜಧಾನಿಗೆ ಹೋಗಬೇಕು. ಅದು ಹೋಯಿತು.

ಅದೇ ವಾರ ಎಲ್ವಿನ್ ಮಾಡಿನ ಮೇಲಿನ ಹಿಮ ಕೆಡವಲು ಹೋಗಿ ಸೊಂಟ ಹಿಡಿಸಿಕೊಂಡ. ನಾಲ್ಕು ದಿನ ಸಭೆಗೆ ಹೋಗಲಿಲ್ಲ. ಶುಕ್ರವಾರ ಕೋಲೂರಿಕೊಂಡು, ತಡವಾಗಿ, ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟರೆ ನಾನೂರು ಜನ ಶಾಸಕರು ಎದ್ದು ತಲೆ ತಗ್ಗಿಸಿ ನಿಂತಿದ್ದರು. ತನ್ನ ಕುರ್ಚಿಯ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಬಿಳಿ ಹೂವಿನ ಬುಟ್ಟಿ. ಎಲ್ವಿನ್‌ನ ಎದೆ ಉಬ್ಬಿತು. ಮೊದಲ ಪುಟದ ಸುದ್ದಿ ಇಲ್ಲಿಯವರೆಗೂ ಬಂದಿದೆ! ಹೂವು ಕೆಡದಿರಲೆಂದು, ಚಳಿಗಾಲಕ್ಕೆ ಫ್ಲಾರಿಡಾ ಸೇರಿಕೊಂಡಿದ್ದ ಪಕ್ಕದವನ ಜಾಗದಲ್ಲಿ ನಿಂತ.

ಮುಂದೆ ಪ್ರೆಸ್ಕಾಟ್ ವೇಲ್ ಕರವಸ್ತ್ರ ಹಿಡಿದು ಮಾತಾಡುತ್ತಿದ್ದ.

"ಮೂವತ್ತೆಂಟು! ಮಾನ್ಯರೇ, ಬರೀ ಮೂವತ್ತೆಂಟು ವರ್ಷ! ಅದೇನು ಸಾಯೋ ವಯಸ್ಸೇ? ಆ ಕಪ್ಪು ಕೂದಲು, ಆ ಹೊಳೆಯೋ ಕಣ್ಣು! ಅವರು ಈ ಸಭೆಯಲ್ಲಿ ಎಷ್ಟು ಸಲ ಗರ್ಜಿಸಿಲ್ಲ! ನನಗಂತೂ ತಮ್ಮನ ಹಾಗಿದ್ದರು."

ಎಲ್ವಿನ್‌ಗೆ ಕಣ್ಣು ತುಂಬಿ ಬಂತು. ಪಾಪ, ಯಾರ ಮನೆಯ ಹುಡುಗನೋ. ನಮ್ಮಂಥ ಮುದುಕರು ಗುಂಡುಕಲ್ಲಿನ ಹಾಗೆ ಕೂತಿದ್ದೇವೆ, ಬಾಳಿ ಬದುಕಬೇಕಾದವರು ಹೊರಟುಹೋಗುತ್ತಾರೆ. ಅವನು ಸದ್ದಾಗುವಂತೆ ಮೂಗು ಸೀಟಿಕೊಂಡ.

"ಸಂತಾಪದ ನಿರ್ಣಯ, ಅದರ ಜೊತೆಗಿನ ಮಸೂದೆ, ಎರಡೂ ಒಪ್ಪಿಗೆ ಪಟ್ಟಿಯಲ್ಲಿವೆ," ಎಂದರು ಸಭಾಧ್ಯಕ್ಷರು. "ಒಪ್ಪುವವರು ಹೂಂ ಅನ್ನಿ."

"ಹೂಂ!" ಎಂದ ಎಲ್ವಿನ್. ಮೂಗು ಕಟ್ಟಿದ್ದರೂ ಆ ದಿನದ ಅತಿ ದೊಡ್ಡ ಹೂಂ ಅವನದೇ.

ಸಭೆ ಮುಗಿದ ಮೇಲೆ ಹೂವಿನ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಆರ್ಡಿಸ್ ಹೂವಿನ ನಡುವೆ ಸಿಕ್ಕಿಸಿದ್ದ ಲಕೋಟೆ ಬಿಡಿಸಿ ಓದಿದಳು. ಗಂಡನನ್ನು ಒಮ್ಮೆ ನೋಡಿದಳು. ಮತ್ತೆ ಓದಿದಳು.

"ಎಲ್ವಿನ್, ನಿನ್ನ ಸೊಂಟ ಹೇಗಿದೆ?"

"ಪರವಾಗಿಲ್ಲ. ಯಾಕೆ?"

"ಏನಿಲ್ಲ. ನೀನು ಸತ್ತುಹೋಗಿದೀಯ ಅಂತ ಇದರಲ್ಲಿ ಬರೆದಿದೆ."

ಎಲ್ವಿನ್ ಕಾಗದ ಕಸಿದುಕೊಂಡು ಓದಿದ. 'ಶ್ರೀಮತಿ ಟ್ವಿಚೆಲ್ ಅವರಿಗೆ, ನಿಮ್ಮ ದುಃಖದಲ್ಲಿ ಸಭೆಯೂ ಭಾಗಿ.' ಅವನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು.

"ಮೂವತ್ತೆಂಟು ವರ್ಷ ಜೊತೆಗೆ ಕೂತಿದೀನಿ! ನನ್ನೆದುರಿಗೇ ನನ್ನ ತಿಥಿ ಮಾಡಿದಾರಲ್ಲೇ!"

"ನೀನೇನು ಮಾಡ್ತಿದ್ದೆ?"

"ನಾನು... ಹೂಂ ಅಂದೆ."

ಅವನು ಫೋನ್ ಕೈಗೆತ್ತಿಕೊಂಡ. "ಈಗಲೇ ಆ ವೇಲ್‌ಗೆ ಬುದ್ಧಿ ಹೇಳ್ತೀನಿ ತಾಳು!"

"ಮೊದಲು ಎರಡನೇ ಹಾಳೆ ಓದ್ತೀನಿ, ಕೇಳು," ಎಂದಳು ಆರ್ಡಿಸ್. "'ದಿವಂಗತರ ಸ್ಮರಣೆಗಾಗಿ ಹಾಬ್ಸ್‌ಮಿಲ್ ಸೇತುವೆಗೆ ಅವರ ಹೆಸರಿಡತಕ್ಕದ್ದು. ಸ್ಮಾರಕವು ಮುರುಕಾಗಿರುವುದು ಶೋಭೆಯಲ್ಲವಾದ್ದರಿಂದ ಸೇತುವೆಯನ್ನು ಈ ಬೇಸಿಗೆಯಲ್ಲೇ ಸಂಪೂರ್ಣ ದುರಸ್ತಿ ಮಾಡತಕ್ಕದ್ದು.' ಮುಂದಿನ ಶನಿವಾರ ಗವರ್ನರೇ ಬಂದು ಸಹಿ ಹಾಕ್ತಾರಂತೆ."

ಎಲ್ವಿನ್ ಫೋನನ್ನು ಕೆಳಗಿಟ್ಟ. ರಾಜ್ಯದ ಕಾನೂನು ಅವನಿಗೂ ಗೊತ್ತಿತ್ತು. ಸೇತುವೆಗೆ ಸತ್ತವರ ಹೆಸರು ಮಾತ್ರ ಇಡಬಹುದು. ಬದುಕಿದ್ದೇನೆ ಅಂದರೆ ಹೆಸರು ಹೋಗುತ್ತದೆ, ಹೆಸರಿನ ಹಿಂದೆ ದುರಸ್ತಿಯೂ ಹೋಗುತ್ತದೆ. ಹತ್ತೊಂಬತ್ತು ಸಲ ಬೇಡಿದರೂ ಸಿಗದ ಸೇತುವೆ ಒಂದು ಸಲ ಸತ್ತಿದ್ದಕ್ಕೆ ಸಿಕ್ಕಿತ್ತು.

"ನಾನೇನು ಮಾಡಲೇ?" ಎಂದ.

"ನನ್ನ ಕೇಳಬೇಡ. ಆ ಜಾರುಗಾಡಿಯಲ್ಲಿ ಮಲಗಿದ್ದವಳು ನಾನು," ಎಂದಳು ಆರ್ಡಿಸ್, ಹೂವನ್ನು ನೀರಿಗಿಡುತ್ತ.

ಮಂಗಳವಾರ ಊರಸಭೆ. ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ನೂರಾ ಹದಿಮೂರು ಜನ ಮಡಿಸುವ ಕುರ್ಚಿಗಳ ಮೇಲೆ ಕೂತಿದ್ದರು. ಸಭೆ ನಡೆಸುವವನು ಡ್ವೈಟ್ ಕಿಂಬಲ್, ಅದೇ ಜಾರುಗಾಡಿಯ ಡ್ವೈಟ್. ಹಿಮ ಎತ್ತುವ ಟ್ರಕ್ಕಿಗೆ ಯಾವ ಬಣ್ಣ ಎಂಬ ಬಗ್ಗೆ ಒಂದು ಗಂಟೆ ಚರ್ಚೆಯಾಗಿ, ಇರುವ ಬಣ್ಣವೇ ಇರಲಿ ಎಂದು ತೀರ್ಮಾನವಾಯಿತು. ಕೊನೆಗೆ 'ಇತರ ವಿಷಯಗಳು' ಬಂದವು. ವರ್ನಾ ಎದ್ದಳು.

"ನನ್ನದೊಂದು ಸೂಚನೆ ಇದೆ. ಈ ಶನಿವಾರ ಗವರ್ನರ್ ಸಹಿ ಆಗೋವರೆಗೆ ಎಲ್ವಿನ್ ಟ್ವಿಚೆಲ್ ಸತ್ತೇ ಇರಬೇಕು ಅಂತ ಈ ಊರು ತೀರ್ಮಾನಿಸಲಿ."

"ಇದು ಅನ್ಯಾಯ!" ಎಂದು ಎಲ್ವಿನ್ ಎದ್ದು ನಿಂತ. "ಒಂದು ವಾರ ಸತ್ತಿರೋದು ಅಂದ್ರೆ ಹುಡುಗಾಟವಾ? ನನಗೂ ಒಂದು ಮರ್ಯಾದೆ ಇದೆ!"

ಡ್ವೈಟ್ ಮರದ ಸುತ್ತಿಗೆಯಿಂದ ಮೇಜು ಕುಟ್ಟಿದ. "ಎಲ್ವಿನ್, ನೀನು ಸತ್ತಿದ್ದರೆ ನಿನಗೆ ಮಾತಾಡೋ ಹಕ್ಕಿಲ್ಲ. ಸತ್ತಿಲ್ಲ ಅಂದ್ರೆ ನಮಗೆ ಸೇತುವೆ ಇಲ್ಲ. ಯಾವುದು, ನೀನೇ ಹೇಳು."

ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಶಾಲೆಯ ಬಸ್ಸು ಓಡಿಸುವ ಮ್ಯಾಡ್ಜ್ ಕೂಗಿದಳು: "ಎಲ್ವಿನ್, ಹನ್ನೊಂದು ವರ್ಷದಿಂದ ದಿನಾ ಇಪ್ಪತ್ತೆಂಟು ಮೈಲಿ ಸುಮ್ನೆ ಸುತ್ತಿದೀನಿ. ನನಗೋಸ್ಕರ ಒಂದು ವಾರ ಸಾಯಕ್ಕಾಗಲ್ವಾ ನಿನಗೆ?"

"ಒಪ್ಪುವವರು ಹೂಂ ಅನ್ನಿ," ಎಂದ ಡ್ವೈಟ್.

"ಹೂಂ!" ಎಂದಿತು ಊರು. ಎಲ್ವಿನ್ ಕೂಡ ಹೂಂ ಅಂದುಬಿಟ್ಟ. ಮೂವತ್ತೆಂಟು ವರ್ಷದ ಅಭ್ಯಾಸ, ಹುಟ್ಟುಗುಣ ಸುಟ್ಟರೂ ಹೋಗದು. ಸೂಚನೆಗೆ ವಿರುದ್ಧ ಬಿದ್ದದ್ದು ಒಂದೇ ಮತ, ಮುದುಕ ಆರಿನ್‌ನದು. ಅವನು ಊರಸಭೆಯಲ್ಲಿ ಎಲ್ಲದಕ್ಕೂ ಇಲ್ಲ ಅನ್ನುವವನು. ಊಟದ ವಿರಾಮಕ್ಕೂ ಇಲ್ಲ ಅಂದಿದ್ದ.

ಆ ವಾರ ಹಾಬ್ಸ್‌ಮಿಲ್ ತನ್ನ ಶಾಸಕನನ್ನು ಬಹಳ ಶಿಸ್ತಾಗಿ ಸಾಯಿಸಿತು. ರಾಜಧಾನಿಯವರು ಯಾರಾದರೂ ಬಂದು ನೋಡಿದರೆ ಸರಿಯಾಗಿರಲಿ ಎಂದು ಮನೆಮನೆಯಿಂದ ಸಾವಿನ ಊಟ ಬಂತು. ಬೇಯಿಸಿದ ಬೀನ್ಸ್ ಕಾಳು ಆರು ಮಡಕೆ, ಮೀನು ಹಾಕಿದ ಶಾವಿಗೆ ನಾಲ್ಕು ತಟ್ಟೆ, ಸೇಬಿನ ಪೈ ಒಂಬತ್ತು. ಕಿಟಕಿಯ ಪರದೆ ಎಳೆದುಕೊಂಡು ಅದನ್ನೆಲ್ಲ ತಿಂದವನು ಸತ್ತವನೇ. ಸತ್ತ ಮೇಲೆ ಅವನು ಮೂರು ಪೌಂಡು ದಪ್ಪಗಾದ.

"ಈ ಪೈ ಯಾರು ಮಾಡಿದ್ದು? ಬದುಕಿದ್ದಾಗ ಒಬ್ಬರೂ ಒಂದು ಚೂರು ಕೊಡಲಿಲ್ಲ," ಎಂದು ಬಾಯಿ ತುಂಬಿಕೊಂಡೇ ಗೊಣಗಿದ.

"ಸತ್ತವರು ಇಷ್ಟು ಮಾತಾಡಬಾರದು," ಎಂದಳು ಆರ್ಡಿಸ್.

ಶನಿವಾರ ಬಂತು. ಸೇತುವೆಯ ಈಚೆ ದಡದ ಕೆಸರಿನಲ್ಲಿ ಹಲಗೆ ಹಾಸಿ ಮೇಜು ಇಟ್ಟಿದ್ದರು. ಊರಿಗೆ ಊರೇ ನೆರೆದಿತ್ತು. ಎಲ್ವಿನ್‌ನನ್ನು ಪಕ್ಕದಲ್ಲೇ ಇದ್ದ ಡ್ವೈಟನ ಗುಡಿಸಲಿನಲ್ಲಿ ಬಚ್ಚಿಟ್ಟಿದ್ದರು. ಮೇಪಲ್ ಮರದ ರಸವನ್ನು ಕುದಿಸಿ ಪಾಕ ಮಾಡುವ ಗುಡಿಸಲು ಅದು. ಒಳಗೆ ಒಂದೇ ಸಮ ಆವಿ.

ಮೊದಲು ವೇಲ್ ಮಾತಿಗೆ ನಿಂತ. "ಈ ಸೇತುವೆ ಎಲ್ವಿನ್‌ನದು ಮಾತ್ರ ಅಲ್ಲ, ನನ್ನದೂ ಹೌದು! ಈ ಮಸೂದೆಗಾಗಿ ನಾವಿಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಹತ್ತೊಂಬತ್ತು ಸಲ ಹೋರಾಡಿದೆವು! 'ಪ್ರೆಸ್ಕಾಟ್, ನೀನಿಲ್ಲದಿದ್ದರೆ ನಾನಿಲ್ಲ' ಅಂತ ಕಣ್ಣೀರು ಹಾಕಿಕೊಂಡಿದ್ದ!"

ಗುಡಿಸಲಿನಲ್ಲಿ ಪಾಕದ ಜೊತೆ ಎಲ್ವಿನ್‌ನೂ ಕುದಿಯತೊಡಗಿದ. ಆ ಮಾತಿನ ಮೇಲೆ ಗವರ್ನರ್ ಕೂತು ಮೊದಲ ಪೆನ್ನು ಎತ್ತಿಕೊಂಡರು. ಅಲ್ಲಿನ ಪದ್ಧತಿಯಂತೆ ದೊಡ್ಡ ಸಹಿಯನ್ನು ಒಂದೇ ಪೆನ್ನಿನಲ್ಲಿ ಹಾಕುವುದಿಲ್ಲ. ಒಂದೊಂದು ಅಕ್ಷರಕ್ಕೆ ಒಂದೊಂದು ಪೆನ್ನು, ಬರೆದ ಪೆನ್ನನ್ನು ನೆನಪಿಗೆಂದು ಒಬ್ಬೊಬ್ಬರಿಗೆ ಕೊಡುತ್ತಾರೆ. ಈ ಗವರ್ನರ ಹೆಸರಿನಲ್ಲಿ ಹನ್ನೊಂದು ಅಕ್ಷರ. ಮೊದಲ ಪೆನ್ನು ಆರ್ಡಿಸ್‌ಗೆ ಹೋಯಿತು. ಎರಡನೆಯದನ್ನು ವೇಲ್ ಕೈ ಚಾಚಿ ತೆಗೆದುಕೊಂಡು ಎದೆಗೊತ್ತಿಕೊಂಡ.

ಅಷ್ಟೇ. ಗುಡಿಸಲಿನ ಬಾಗಿಲು ದಢಾರನೆ ತೆರೆದು, ಆವಿಯ ಮೋಡದ ಮಧ್ಯದಿಂದ ಎಲ್ವಿನ್ ಹೊರಗೆ ಬಂದ. ಕೂದಲು ಅಂಟಂಟಾಗಿ ನಿಂತಿತ್ತು, ಕಣ್ಣು ಕೆಂಡವಾಗಿತ್ತು.

"ಸುಳ್ಳು!" ಎಂದು ಕೂಗಿದ.

ನೂರಾ ಹನ್ನೆರಡು ಜನಕ್ಕೆ ಒಂದೇ ಸಲ ಕೆಮ್ಮು ಬಂತು. ಗವರ್ನರ ಕೈಯಲ್ಲಿ ಮೂರನೆಯ ಪೆನ್ನು ನಿಂತಿತು. "ಇವರು ಯಾರು?" ಎಂದರು.

ಬಾಯಿ ಬಿಟ್ಟವಳು ವರ್ನಾ.

"ಸತ್ತವರ ಅಣ್ಣ, ಸಾರ್. ತಮ್ಮ ಹೋದ ಅನ್ನೋದು ಸುಳ್ಳು, ಸುಳ್ಳು ಅಂತ ವಾರದಿಂದ ಹೀಗೇ ಕೂಗ್ತಿದಾರೆ."

ಗವರ್ನರ್ ಮೇಜಿನ ಮೇಲಿನ ಫೋಟೋ ನೋಡಿದರು, ಎಲ್ವಿನ್‌ನನ್ನು ನೋಡಿದರು. "ಮೂಗು ಅದೇ," ಎಂದು ತಲೆಯಾಡಿಸಿದರು. "ಬನ್ನಿ ಅಣ್ಣಾ, ಪಕ್ಕದಲ್ಲಿ ಕೂತುಕೊಳ್ಳಿ. ಕೊನೆಯ ಪೆನ್ನು ನಿಮಗೆ."

ಆರ್ಡಿಸ್ ಗಂಡನ ತೋಳು ಹಿಡಿದು ಕೂರಿಸಿ, ಮೇಜಿನ ಕೆಳಗೆ ಅವನ ಕಾಲನ್ನು ಗಟ್ಟಿಯಾಗಿ ತುಳಿದುಕೊಂಡಳು. ನಾಲ್ಕು, ಐದು, ಆರು. ಏಳನೆಯ ಪೆನ್ನಿಗೆ ಶಾಯಿ ಬರಲಿಲ್ಲ. ಗವರ್ನರ್ ಅದನ್ನು ಕೊಡವಿದರು, ಊದಿದರು. ಮ್ಯಾಡ್ಜ್ ಓಡಿಬಂದು ಬಸ್ಸಿನ ಹಾಜರಿ ಪುಸ್ತಕದ ಪೆನ್ನನ್ನು ಕೊಟ್ಟಳು. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯ ಅಕ್ಷರಕ್ಕೆ ಗವರ್ನರ್ ಒಂದು ಉದ್ದನೆಯ ಬಾಲ ಎಳೆದು, ಪೆನ್ನನ್ನು ಎಲ್ವಿನ್‌ನ ಕೈಗಿಟ್ಟರು. ಆರ್ಡಿಸ್ ಕಾಲು ತೆಗೆದಳು.

"ಶಾಯಿ ಒಣಗಿತಾ?" ಎಂದು ಎಲ್ವಿನ್ ಕೇಳಿದ.

ವರ್ನಾ ಬಗ್ಗಿ ನೋಡಿ ಬೆರಳಿಂದ ಒತ್ತಿದಳು. "ಒಣಗಿದೆ."

"ಗವರ್ನರ್ ಸಾಹೇಬರೆ, ನಾನು ಸತ್ತವನ ಅಣ್ಣ ಅಲ್ಲ. ಸತ್ತವನೇ ನಾನು. ಮೂವತ್ತೆಂಟು ನನ್ನ ವಯಸ್ಸಲ್ಲ, ನಿಮ್ಮ ಸಭೆಯಲ್ಲಿ ನಾನು ಕೂತ ವರ್ಷ. ಮತ್ತೆ ಈ ವೇಲ್ ನನ್ನ ಮಸೂದೆಯನ್ನು ಹತ್ತೊಂಬತ್ತು ಸಲ ಅಟ್ಟಕ್ಕೆ ಹಾಕಿದವನು."

ಗವರ್ನರ್ ಸಹಿ ನೋಡಿದರು, ಊರನ್ನು ನೋಡಿದರು, ಬೆಳ್ಳಗಾದ ವೇಲ್‌ನ ಮುಖ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ನಾನು ಹಾಕಿದ ಸಹಿ ಅಳಿಸೋ ಅಧಿಕಾರ ನನಗೂ ಇಲ್ಲ, ಅಣ್ಣಾ," ಎಂದರು. "ಬೇಕಾದರೆ ಸಭೆ ಇನ್ನೊಂದು ಮಸೂದೆ ತರಲಿ." ನಗುತ್ತಲೇ ಕಾರು ಹತ್ತಿ ಹೋದರು.

ವೇಲ್ ನಗಲಿಲ್ಲ. ಮರುವಾರವೇ ಮಸೂದೆ ತಯಾರು ಮಾಡಿದ. ಹೆಸರು ರದ್ದು, ದುರಸ್ತಿ ರದ್ದು. ಅದನ್ನು ಶುಕ್ರವಾರದ ಒಪ್ಪಿಗೆ ಪಟ್ಟಿಯ ಮೂವತ್ತೊಂದನೆಯ ವಿಷಯವಾಗಿ ತೂರಿಸಿದ. ಅದರ ಮೇಲೆ ಹುಡುಗಿಯರ ಹಾಕಿ ತಂಡಕ್ಕೆ ಅಭಿನಂದನೆ, ಕೆಳಗೆ ರಾಜ್ಯದ ಅಧಿಕೃತ ಬೀನ್ಸ್ ಕಾಳಿನ ಆಯ್ಕೆ. ಯಾರು ಓದುತ್ತಾರೆ? ಟ್ವಿಚೆಲ್ ಅಂತೂ ಹೂಂ ಅನ್ನುತ್ತಾನೆ, ತನ್ನ ಸಾವಿಗೇ ಹೂಂ ಅಂದವನು ಎಂಬುದು ವೇಲ್‌ನ ಲೆಕ್ಕಾಚಾರ.

ಆದರೆ ಗುರುವಾರ ರಾತ್ರಿ ಊಟವಾದ ಮೇಲೆ ಆರ್ಡಿಸ್ ಪಟ್ಟಿಯನ್ನೂ ಸೀಸದಕಡ್ಡಿಯನ್ನೂ ಗಂಡನ ಮುಂದಿಟ್ಟಿದ್ದಳು.

"ಓದು."

"ಎಲ್ಲಾನೂ?"

"ಎಲ್ಲಾನೂ. ಹೋದ ಸಲ ಓದದೆ ಹೂಂ ಅಂದು ಏನಾದೆ ಅಂತ ನೆನಪಿದೆ ತಾನೆ?"

ಶುಕ್ರವಾರ ಎಲ್ವಿನ್ ಕಂಬದ ಮರೆ ಬಿಟ್ಟು ಕುರ್ಚಿಯನ್ನು ಈಚೆಗೆಳೆದುಕೊಂಡು ಕೂತ. ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಆರ್ಡಿಸ್, ವರ್ನಾ, ಡ್ವೈಟ್, ಮ್ಯಾಡ್ಜ್. ಇಲ್ಲ ಅನ್ನುವುದು ಹೇಗೆಂದು ಹೇಳಿಕೊಡಲು ಆರಿನ್ ಕೂಡ ಬಂದಿದ್ದ.

"ಒಪ್ಪಿಗೆ ಪಟ್ಟಿ, ಒಂದರಿಂದ ನಲವತ್ತು," ಎಂದರು ಸಭಾಧ್ಯಕ್ಷರು. "ಒಪ್ಪುವವರು ಹೂಂ ಅನ್ನಿ."

"ಹೂಂ," ಎಂದರು ಎಲ್ಲರೂ.

"ಒಪ್ಪದವರು?" ಸಭಾಧ್ಯಕ್ಷರು ಉತ್ತರಕ್ಕೆ ಕಾಯದೆ ಸುತ್ತಿಗೆ ಎತ್ತಿಯಾಗಿತ್ತು.

"ಇಲ್ಲ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಎಲ್ವಿನ್ ನಿಂತಿದ್ದ. "ಮೂವತ್ತೊಂದನೇ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ."

ಒಬ್ಬ ಇಲ್ಲ ಅಂದರೂ ಸಾಕು, ಆ ವಿಷಯ ಪಟ್ಟಿಯಿಂದ ಬೀಳುತ್ತದೆ. ಬಿದ್ದದ್ದನ್ನು ತಂದವರು ಎದ್ದು ನಿಂತು, ಎಲ್ಲರೆದುರು ಕಾರಣ ಹೇಳಿ, ಹಿಂದಿನ ನಡಾವಳಿಯನ್ನೆಲ್ಲ ಓದಿ ಚರ್ಚಿಸಬೇಕು. ಸಭಾಧ್ಯಕ್ಷರು ವೇಲ್‌ನತ್ತ ತಿರುಗಿದರು. "ಮಾನ್ಯ ವೇಲ್ ಅವರೇ, ಚರ್ಚೆಗೆ ಸಿದ್ಧರಿದ್ದೀರಾ? ಹಾಗಾದರೆ ತಮ್ಮ ಅಂದಿನ ಶ್ರದ್ಧಾಂಜಲಿ ಭಾಷಣದಿಂದ ಶುರು ಮಾಡಬಹುದು. ಅದೇ, ಕಪ್ಪು ಕೂದಲು, ಹೊಳೆಯೋ ಕಣ್ಣು..."

ಸಭೆಯಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದರು. ವೇಲ್ ಎದ್ದ, ಕೂತ, ಮತ್ತೆ ಎದ್ದ. ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡ.

"ನೋಡೋಣ," ಎಂದ.

ಅದು ಇವತ್ತಿಗೂ ಅದೇ ಅಟ್ಟದ ಮೇಲೆ, ಎಲ್ವಿನ್‌ನ ಹತ್ತೊಂಬತ್ತು ಮಸೂದೆಗಳ ಮೇಲೆ ಇಪ್ಪತ್ತನೆಯದಾಗಿ ಕೂತಿದೆ. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ದಿನ ಮ್ಯಾಡ್ಜ್ ಹಳದಿ ಬಸ್ಸನ್ನು ಸೇತುವೆಯ ಮೇಲೆ ಮೊದಲ ಸಲ ಓಡಿಸಿದಳು. ಮುಂದಿನ ಸೀಟಿನಲ್ಲಿ ಆರ್ಡಿಸ್, ಅವಳ ಪಕ್ಕದಲ್ಲಿ ಎಲ್ವಿನ್. ಕಬ್ಬಿಣ ಕಿರ್ರೆನ್ನಲಿಲ್ಲ. ಆಚೆ ದಡ ಮುಟ್ಟಿದಾಗ ಆರ್ಡಿಸ್ ಗಂಡನ ಕೈ ಹಿಡಿದುಕೊಂಡಳು. ಎಲ್ವಿನ್ ಆನಂದದಿಂದ ಅತ್ತುಬಿಟ್ಟ.

ಶಾಸನಸಭೆಯ ಕಡತದಲ್ಲಿ ಈಗ ಅವನ ಭಾಷಣಗಳು ಮೂರಾಗಿವೆ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು. ಹೆಸರನ್ನು ಬದುಕಿದವರ ಪಟ್ಟಿಗೆ ಮತ್ತೆ ಸೇರಿಸಲು ಗುಮಾಸ್ತರಿಗೆ ಆಗಿನ್ನೂ ಪುರುಸೊತ್ತಾಗಿರಲಿಲ್ಲವಾದ್ದರಿಂದ ಅದು ಹೀಗೆ ಅಚ್ಚಾಗಿದೆ:

'ದಿವಂಗತ ಶ್ರೀ ಟ್ವಿಚೆಲ್: ಇಲ್ಲ!'